ಎಕ್ಸ್‌ರೇಯಲ್ಲಿ ಮೂಡದ ಕವಲು

ಮಾರ್ಚ್ 14, ಮಂಗಳವಾರ, ಬೆಳಿಗ್ಗೆ 9 ಗಂಟೆ 20 ನಿಮಿಷ. ಬಣ್ಣದಣ್ಣ ಒಂದು ಬಲಗಾಲಿನ ಎಕ್ಸ್‌ರೇ ಫಿಲಂ ಹಿಡಿದು ವೈದ್ಯಕೀಯ ಕಾಲೇಜಿನ ಮ್ಯೂಸಿಯಂಗೆ ಬಂದ. ದಾನವಾಗಿ ಬಂದ ದೇಹಗಳ ರಕ್ತನಾಳಕ್ಕೆ ಕಿತ್ತಳೆ ಬಣ್ಣದ ಸೀಸದ ಪುಡಿ ಕಲಸಿದ ಬಿಸಿ ಜೆಲಾಟಿನ್ ತುಂಬುವುದು ಅವನ ಕೆಲಸ. ಸೀಸ ಹೊಕ್ಕ ನಾಳ ಫಿಲಂನಲ್ಲಿ ಬೆಳ್ಳಗೆ ಮೂಡುತ್ತದೆ. ಎಲ್ಲಿಯ ಚರ್ಮ ಎತ್ತಿ ಗಾಯಕ್ಕೆ ಕೂರಿಸಿದರೆ ಬದುಕುತ್ತದೆಂದು ಸರ್ಜನ್ನರು ಅದನ್ನು ನೋಡಿ ತಿಳಿಯುತ್ತಾರೆ.

"ದೊಡ್ಡ ನಾಳ ಮಾತ್ರ ಬಂದಿದೆ ಮೇಡಂ, ಚರ್ಮಕ್ಕೆ ಹೋಗೋ ಕವಲು ಒಂದೂ ಇಲ್ಲ. ನಾನು ಮಿಶ್ರಣ ಕೆಡಿಸಿದೆ ಅಂತ ದೊಡ್ಡ ಡಾಕ್ಟ್ರು ಮಧ್ಯಾಹ್ನಕ್ಕೆ ನನ್ನ ಕೋಣೆಗೆ ಬೀಗ ಹಾಕಿಸ್ತಾರಂತೆ. ಇಪ್ಪತ್ತಾರು ವರ್ಷದ ಕೆಲಸ."

ಕಾಲೇಜಿನಲ್ಲಿ ಏನೇ ಎಡವಟ್ಟಾದರೂ ಎಲ್ಲರೂ ಬರುವುದು ಮ್ಯೂಸಿಯಂ ಮೇಡಂ ಬಳಿಗೆ. ನಾನು ಅವರ ಸಹಾಯಕ.

"ಅಳೋದು ಆಮೇಲೆ. ಆ ಕಾಲು ತೋರಿಸಪ್ಪ," ಎಂದರು ಮೇಡಂ.

ಅವನ ಕೋಣೆಗೆ ಹೋಗಿ, ಬಟ್ಟಲಲ್ಲಿ ಉಳಿದ ಮಿಶ್ರಣವನ್ನು ಬಿಸಿ ಮಾಡಿಸಿ ಅತಿ ಸಣ್ಣ ಸೂಜಿಯಲ್ಲಿ ಹಾಯಿಸಿದರು. ಸಲೀಸಾಗಿ ಹರಿಯಿತು. ಬಲತೊಡೆಯ ಮೇಲೆ, ಸೊಂಟದ ಮೂಳೆಯಿಂದ ಮಂಡಿಚಿಪ್ಪಿನವರೆಗೆ ನೀಲಿ ಶಾಯಿಯ ಗೆರೆ, ಅದರಲ್ಲಿ ಎರಡು ಚುಕ್ಕೆ. ಗೆರೆಯ ಮೇಲೆ ಮಿಶ್ರಣದ ಒಂದು ಕಿತ್ತಳೆ ಹನಿ ಒಣಗಿತ್ತು. ಗೆರೆಯ ತುದಿಗೆ ಒದ್ದೆ ಹತ್ತಿ ಮುಟ್ಟಿಸಿದಾಗ ಶಾಯಿ ಕದಡಿತು.

"ತುಂಬೋ ಮುಂಚೆ ಕಾಲು ಎಲ್ಲಿತ್ತು?"

"ನಿನ್ನೆ ಆರರಿಂದ ಏಳರವರೆಗೆ ಬಿಸಿನೀರಲ್ಲಿ. ಆಮೇಲೆ ಮೇಜಿನ ಮೇಲಿಟ್ಟು ಬಟ್ಟೆ ಹೊದಿಸಿ, ಜೆಲಾಟಿನ್ ಕರಗಿಸೋಕೆ ಹೋದೆ. ಇಪ್ಪತ್ತೈದು ನಿಮಿಷ."

"ವಾಪಸ್ ಬಂದು ಮುಟ್ಟಿ ನೋಡಿದೆಯಾ?"

"ಸೀಸ ಅಲ್ವಾ, ಎರಡು ಜೊತೆ ಗ್ಲೌಸ್ ಹಾಕಿದ್ದೆ. ಬಿಸಿಯೋ ತಣ್ಣಗೋ ಗೊತ್ತಾಗಲಿಲ್ಲ. ಚರ್ಮ ಎತ್ತೋ ಜಾಗಕ್ಕೆ ಸರ್ಜನ್ನರು ಹೀಗೇ ಗೆರೆ ಹಾಕ್ತಾರೆ, ಅದಕ್ಕೇ ಗೆರೆ ನೋಡಿ ಏನೂ ಅನ್ನಿಸಲಿಲ್ಲ."

ಹನ್ನೆರಡಕ್ಕೆ ಮೇಡಂ ಎಲ್ಲರನ್ನೂ ಮೇಜಿನ ಸುತ್ತ ಸೇರಿಸಿದರು: ಬಣ್ಣದಣ್ಣ, ಸರ್ಜನ್ನರ ಮುಖ್ಯಸ್ಥರಾದ ದೊಡ್ಡ ಡಾಕ್ಟ್ರು, ಅವರ ಕೈಕೆಳಗಿನ ಕಿರಿಯ ಸರ್ಜನ್.

"ಕುಣೀಲಾರದವಳು ನೆಲ ಡೊಂಕು ಅಂದಳಂತೆ," ಎಂದ ಕಿರಿಯ ಸರ್ಜನ್. "ನಾನಂತೂ ಈ ಕಾಲು ನೋಡ್ತಿರೋದೇ ಈಗ."

"ಬಿಸಿನೀರಲ್ಲಿ ಈ ಶಾಯಿ ನಿಲ್ಲಲ್ಲ," ಎಂದರು ಮೇಡಂ. "ಅಂದ್ರೆ ಗೆರೆ ಹಾಕಿದ್ದು ಏಳರ ಮೇಲೆ. ಕಿತ್ತಳೆ ಹನಿ ಗೆರೆಯ ಮೇಲಿದೆ. ಅಂದ್ರೆ ತುಂಬೋ ಮುಂಚೆ. ಒಳಗಿನ ನಾಳ ತುಂಬಿದೆ, ಚರ್ಮದ ಕವಲು ತುಂಬಿಲ್ಲ. ಆ ಇಪ್ಪತ್ತೈದು ನಿಮಿಷದಲ್ಲಿ ಯಾರೋ ಮೇಲಿಂದ ಐಸ್ ಇಟ್ಟು, ಒರೆಸಿ, ಆಮೇಲೆ ಗೆರೆ ಹಾಕಿದ್ದಾರೆ. ತಣ್ಣಗಿರೋ ಕಡೆ ಜೆಲಾಟಿನ್ ಅಲ್ಲೇ ಹೆಪ್ಪುಗಟ್ಟುತ್ತೆ. ದೊಡ್ಡ ಡಾಕ್ಟ್ರು ನಿನ್ನೆ ಆರೂವರೆಯಿಂದ ಆಪರೇಷನ್‌ನಲ್ಲಿದ್ರು. ಚುಕ್ಕೆಗಳನ್ನ ಸ್ಕೇಲ್ ಇಟ್ಟು ಅಳೆದೆ, ಕಿರಿಯ ಡಾಕ್ಟ್ರೇ. ತೊಡೆಯ ಚರ್ಮದ ಬಗ್ಗೆ ನೀವು ಬರೆದ ಪ್ರಬಂಧದಲ್ಲಿರೋ ಎರಡು ಕವಲಿನ ಜಾಗವೇ. ಫಿಲಂನಲ್ಲಿ ಕವಲು ಕಾಣದೆ ಕತ್ತರಿಸಿ ನೋಡುವವರು ಅಲ್ಲಿ ಮಾತ್ರ ನೋಡಲಿ ಅಂತ ತಾನೆ?"

ಕಿರಿಯ ಸರ್ಜನ್ ದೊಡ್ಡ ಡಾಕ್ಟ್ರ ಕಡೆ ತಿರುಗಿದ. "ಮೂರನೇ ಕವಲು ಕಂಡ್ರೆ ನನ್ನ ಪ್ರಬಂಧ ಬಿದ್ದುಹೋಗುತ್ತೆ ಸರ್. ಎರಡೇ ಅಂತ ಅಚ್ಚಾಗಿಬಿಟ್ಟಿದೆ."

"ಅದನ್ನ ನಂಬಿ ರೋಗಿಯ ಚರ್ಮ ಎತ್ತೋನು ನಾನಪ್ಪ," ಎಂದರು ದೊಡ್ಡ ಡಾಕ್ಟ್ರು. ಬಣ್ಣದಣ್ಣನ ಕಡೆ ತಿರುಗಿ, "ಎಡಗಾಲು ಇದೆಯಲ್ಲ? ಶುರು ಮಾಡು," ಎಂದರು.

ಈ ಸಲ ಕೊಳವೆ ಜೋಡಿಸುವ ಮುಂಚೆ ನಾನು ಬರಿಗೈಯಲ್ಲಿ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಸಂಜೆ ಬಂದ ಫಿಲಂನಲ್ಲಿ ಮೂರು ಕವಲುಗಳಿದ್ದವು. ಮೂರನೆಯದರ ಅಗಲ 0.8 ಮಿಲಿಮೀಟರ್.