ಶಾಲೆ ಮುಂದಿನ ಗುಂಡಿ

"ನಾವು ಗೆರೆ ಎಳೀತೀವಿ, ಇವರು ಅಗೀತಾರೆ! ಇಂಥವರ ಕೈಗೆ ಸಾರಿಗೆ ಇಲಾಖೆ ಕೊಟ್ರೆ, ಕುರಿ ಕಾಯೋಕೆ ತೋಳ ಬಿಟ್ಟ ಹಾಗೆ!"

ಸಭಾಂಗಣ ಗೊಳ್ಳೆಂದು ನಕ್ಕಿತು.

ಸಾರಿಗೆ ಇಲಾಖೆಯನ್ನು ಲೋಕೋಪಯೋಗಿ ಇಲಾಖೆಯೊಳಗೆ ವಿಲೀನ ಮಾಡಬೇಕೋ ಬೇಡವೋ ಎಂದು ನಗರಸಭೆ ಅಭಿಪ್ರಾಯ ಕೇಳುತ್ತಿತ್ತು. ಹೀಗೆಂದವಳು ಸಾರಿಗೆಯ ಸಿಗ್ನಲ್ ವಿಭಾಗದ ಹುಡುಗಿ; ಅವಳ ಬೆರಳು ಲೋಕೋಪಯೋಗಿಯ ಎಂಜಿನಿಯರ್ ಕಡೆಗಿತ್ತು. ಅವನೊಂದಿಗೆ ಫೋನಿನಲ್ಲಿ ಜಗಳವಾಡಿದ್ದೇ ಹೊರತು, ಮುಖ ಕಂಡದ್ದು ಇಂದೇ ಮೊದಲು.

"ಶಾಲೆ ಮುಂದೆ ಮಕ್ಕಳು ದಾಟೋಕೆ ಬಳಿದ ಪಟ್ಟೆ ಇನ್ನೂ ಆರಿರ್ಲಿಲ್ಲ. ಗುಂಡಿ ತೋಡಿದ್ದು ನೀವೇ ತಾನೆ?"

ಅವನು ಎದ್ದು ನಿಂತ. ಬೂಟಿನ ತುಂಬ ಕೆಮ್ಮಣ್ಣು.

"ಹೌದು ಮೇಡಂ, ನಾವೇ" ಎಂದಷ್ಟೇ ಹೇಳಿ ಕುಳಿತ.

'ಹ್ಞಾಂ... ಗೆದ್ದೆ!' ಎಂದುಕೊಂಡಳು ಅವಳು.

ಚಹಾದ ಹೊತ್ತಿಗೆ ಅವಳ ವಿಭಾಗದ ಹಿರಿಯ ಮೇಸ್ತ್ರಿ ಹತ್ತಿರ ಬಂದ.

"ಎಂಥಾ ಕೆಲಸ ಮಾಡ್ದೆ ತಾಯಿ! ಹೊಸ ಸಿಗ್ನಲ್ಲಿಗೆ ಕೇಬಲ್ ಹಾಯಿಸ್ಬೇಕು, ಬೇಗ ಅಗೆಸಿಕೊಡಿ ಅಂತ ಆ ಎಂಜಿನಿಯರ್‌ಗೆ ಫೋನ್ ಮಾಡಿದ್ದು ನೀನೇ ಅಲ್ವಾ? ಪಟ್ಟೆ ಬಳಿಯೋರಿಗೆ ಹೇಳೋದು ಮರೆತವಳೂ ನೀನೇ!"

ಅವಳು ಲೋಟ ಕೆಳಗಿಟ್ಟಳು. ಊರಲ್ಲಿ ಗುಂಡಿ ಕಂಡರೆ ಅದು ಲೋಕೋಪಯೋಗಿಯವರದೇ ಎಂದು ಬೈದು ಬೈದು ರೂಢಿಯಾಗಿತ್ತು. ತಾನೇ ಕೇಳಿದ ಗುಂಡಿಯೂ ಗುರುತು ಸಿಗದಷ್ಟು! ನೆಲ ಬಾಯಿಬಿಟ್ಟು ನುಂಗಬಾರದೇ...

ಎಂಜಿನಿಯರ್ ಕಿಟಕಿಯ ಬಳಿ ಒಬ್ಬನೇ ನಿಂತಿದ್ದ. ಅವಳು ಹತ್ತಿರ ಹೋದಳು.

"ಯಾಕೆ ಹೇಳ್ಲಿಲ್ಲ ನೀವು?"

"ಹೇಳಿದ್ರೆ, 'ನೋಡಿ, ಸಾರಿಗೆಯವರಿಗೆ ತಮ್ಮ ಕೆಲಸವೇ ಗೊತ್ತಿಲ್ಲ, ಒಂದು ಮಾಡೋದೇ ಸರಿ' ಅಂತಿದ್ರು ಸಭೇಲಿ. ನನಗೂ ವಿಲೀನ ಬೇಡ ಮೇಡಂ. ಅಗೆಯೋರೂ, ಯಾಕೆ ಅಗೆದ್ರಿ ಅಂತ ಕೇಳೋರೂ ಒಂದೇ ಮನೆಯವರಾದ್ರೆ, ರಸ್ತೆ ದಾಟೋ ಮಕ್ಕಳ ಪರ ಮಾತಾಡೋರ್ಯಾರು?"

"ಅದಕ್ಕೆ ಎಲ್ಲರ ಮುಂದೆ ನಗೆಪಾಟಲಾದ್ರಾ?"

"ನಿಮ್ಮ ಬೈಗುಳ ಕೇಳದ ದಿನ ನನಗೆ ಊಟ ಸೇರಲ್ಲ..." ಅವನು ಕಿಟಕಿಯತ್ತ ತಿರುಗಿಕೊಂಡ.

ಅವಳು ಮನದಲ್ಲೇ ಕೇಳಿಕೊಂಡಳು: 'ಹೇಳಿ ಮೇಡಂ' ಎಂಬ ಆ ನಿಧಾನದ ದನಿಗಾಗಿ, ಕೆಲಸವಿಲ್ಲದಾಗಲೂ ಫೋನ್ ಮಾಡಿದವಳು ತಾನಲ್ಲವೇ!

ಸಭೆ ಮತ್ತೆ ಕೂಡಿತು. ಅವಳೇ ಮೊದಲು ಎದ್ದಳು.

"ಆ ಗುಂಡಿ ಕೇಳಿದ್ದು ನಾನು. ನಮ್ಮವರಿಗೆ ತಿಳಿಸದೆ ಬಣ್ಣ ಹಾಳು ಮಾಡಿದ್ದೂ ನಾನು. ಇವರನ್ನ ಆಡಿಕೊಂಡಿದ್ದಕ್ಕೆ ನಾಚಿಕೆ ಆಗ್ತಿದೆ. ಆದ್ರೂ ವಿಲೀನ ಬೇಡ. ತಪ್ಪಿದ್ದು ನಾನು, ಇಲಾಖೆಯಲ್ಲ."

ಈ ಸಲ ಯಾರೂ ನಗಲಿಲ್ಲ. ಅಧ್ಯಕ್ಷರು ತೀರ್ಮಾನ ಮುಂದೂಡಿದರು.

ಹೊರಗೆ ಮೆಟ್ಟಿಲ ಮೇಲೆ ಅವನು ಕಾದಿದ್ದ. ಅವಳು ತಲೆ ಎತ್ತಲಿಲ್ಲ.

"ನಿಮ್ಮ ಮುಖ ಹೇಗೆ ನೋಡ್ಲಿ ನಾನು?"

"ನೋಡ್ಬೇಡಿ. ಫೋನ್ ಮಾಡಿ ಬೈಯಿರಿ."

ನಾಚಿಕೆಯ ನಡುವೆಯೇ ಅವಳಿಗೆ ನಗು ಬಂತು.

"ಇಲಾಖೆ ಬೇರೆ ಬೇರೆಯೇ ಇರ್ಲಿ ಮೇಡಂ... ಮನೆ ಒಂದಾಗಬಹುದಾ?"

"ಆಗ ಯಾಕೆ ಅಗೆದ್ರಿ ಅಂತ ಕೇಳೋರ್ಯಾರು?"

"ನೀವೇ. ದಿನಾ ಬಾಗಿಲಲ್ಲೇ ನಿಲ್ಲಿಸಿ ಕೇಳಿ."

ತಗ್ಗಿಸಿದ ಅವಳ ಕಣ್ಣು ಅವನ ಕೆಮ್ಮಣ್ಣಿನ ಕಾಲ ಮೇಲಿತ್ತು.

"ಬೂಟು ಮಾತ್ರ... ಹೊರಗೇ ಬಿಟ್ಟು ಬರಬೇಕು" ಎಂದಳು.