ಕುಂಕುಮವಿಲ್ಲದ ಎರಡು ಚೀಟಿ

ಕೆರೆಯಿಂದ ಎತ್ತಿ ತಂದ ಹಾಯಿದೋಣಿಯೊಳಗೆ ಮಹಾನಂದ ಟಾರ್ಚು ಬಿಟ್ಟು ನೋಡಿದಳು. ನೀರೆತ್ತುವ ಪಂಪಿನ ವೈರಿಗೆ ‘ಕಂಬದ ದೀಪ’ ಎಂಬ ಚೀಟಿ. ದೀಪದ ವೈರಿಗೆ ‘ಪಂಪು’ ಎಂಬ ಚೀಟಿ. ಅದಲುಬದಲಾಗಿದ್ದವು!

ಅದು ೧೯೯೭. ಚಾಮರಾಜಪೇಟೆಯಲ್ಲಿ ಅವಳ ತಂದೆ ಸಿದ್ದಬಸಪ್ಪನವರ ವರ್ಕ್‌ಶಾಪು ಕಟ್ಟಿದ ಮೊದಲ ದೋಣಿ. ಕೆರೆಯಲ್ಲೇ ಬ್ಯಾಟರಿ ಕೂರಿಸಿ ನೀರಿಗಿಳಿಸಿದರು. ತಳ ಸೋರಿತು. ಪಂಪಿನ ಸ್ವಿಚ್ಚು ಒತ್ತಿದರೆ ಕಂಬದ ತುದಿಯಲ್ಲಿ ದೀಪ ಉರಿಯಿತು. ಗಾಬರಿಯಲ್ಲಿ ಪಕ್ಕದ ಸ್ವಿಚ್ಚು ಒತ್ತಿ ನೋಡುವುದು ಯಾರಿಗೂ ಹೊಳೆಯಲಿಲ್ಲ. ದೋಣಿ ಮುಳುಗಿತು, ಜನ ಈಜಿ ಬದುಕಿದರು. ಹತ್ತೊಂಬತ್ತು ವರ್ಷ ದುಡಿದಿದ್ದ ಎಲೆಕ್ಟ್ರಿಷಿಯನ್ ಮುರುಗೇಶನನ್ನು ಸಿದ್ದಬಸಪ್ಪ ಅಂದೇ ಹೊರಗೆ ಕಳಿಸಿದರು. ಸುದ್ದಿ ಹಬ್ಬಿ ಪೇಟೆಯ ಬೇರೆ ವರ್ಕ್‌ಶಾಪುಗಳೂ ಅವನಿಗೆ ಬಾಗಿಲು ಹಾಕಿದವು.

ತಪ್ಪು ಮುರುಗೇಶನದೆಂದು ಮಹಾನಂದ ನಂಬಲಿಲ್ಲ. ಪಕ್ಕದ ರಸ್ತೆಯ ವೀರಭದ್ರಯ್ಯನವರನ್ನು ಕರೆತಂದಳು. ನಿವೃತ್ತ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರು, ತಂದೆಯ ಗೆಳೆಯರು. ನಶ್ಯ ಹೆಚ್ಚು, ಮಾತು ಕಡಿಮೆ. ಅವರು ಒಂದೊಂದು ಬಟ್ಟೆ ಟೇಪಿನ ಚೀಟಿಯನ್ನೂ ಕನ್ನಡಕದ ಹತ್ತಿರ ಹಿಡಿದು ನೋಡಿದರು.

“ಬರೆದದ್ದು ಯಾರಮ್ಮಾ?”

“ನಾನೇ. ಆಯುಧಪೂಜೆಗೆ ಮುಂಚೆ. ಎರಡು ಸಲ ನೋಡಿದೀನಿ, ಸರಿಯಾಗೇ ಇತ್ತು.”

“ಸ್ವಿಚ್ಚಿಗೆ ಜೋಡಿಸಿದ್ದು?”

“ಪೂಜೆ ಮಾರನೇ ದಿನ. ನಾನು ಚೀಟಿ ಓದ್ತಿದ್ದೆ, ಮುರುಗೇಶಣ್ಣ ಜೋಡಿಸ್ತಿದ್ರು.”

“ಅವನೊಬ್ಬನೇ ಇದ್ದದ್ದುಂಟಾ, ಒಂದು ನಿಮಿಷವಾದ್ರೂ?”

“ಇಲ್ಲ. ಬೀಗ ತೆಗೆದಾಗಿಂದ ನಾನು ಜೊತೆಗೇ ಇದ್ದೆ.”

ಹೇಳುತ್ತಲೇ ತನ್ನನ್ನೇ ಕೇಳಿಕೊಂಡಳು: ಇಷ್ಟನ್ನು ಅಪ್ಪನ ಎದುರು ಅಂದೇ ಏಕೆ ಹೇಳಲಿಲ್ಲ?

ವೀರಭದ್ರಯ್ಯ ಸಿದ್ದಬಸಪ್ಪನವರನ್ನು ಕರೆಸಿದರು.

“ಇಪ್ಪತ್ತನಾಲ್ಕು ಚೀಟಿ. ಇಪ್ಪತ್ತೆರಡರ ಮೇಲೆ ಮುರುಗೇಶ ಪೂಜೆಗೆ ಇಟ್ಟ ಕುಂಕುಮದ ಕಲೆ ಇದೆ, ನೀರಲ್ಲಿ ನೆನೆದ್ರೂ ಹೋಗಿಲ್ಲ. ಈ ಎರಡರ ಮೇಲೆ ಮಾತ್ರ ಇಲ್ಲ. ಅಂದ್ರೆ ಇವು ಪೂಜೆ ಆದ್ಮೇಲೆ ಅಂಟಿಸಿದ್ದು. ಪೂಜೆಗಿಟ್ಟದ್ದನ್ನ ಮಾರನೇ ಬೆಳಗ್ಗೆವರೆಗೂ ಕೆಲಸದವರು ಯಾರೂ ಮುಟ್ಟಲ್ಲ. ಆ ಸಂಜೆ ಬೀಗದಕೈ ಇದ್ದದ್ದು ನಿನ್ನ ಹತ್ರ, ಸಿದ್ದಬಸಪ್ಪ.”

ಅಕ್ಷರ ತನ್ನದೇ ಥರ ಇದೆಯಲ್ಲ ಎಂದು ಅನ್ನಹೊರಟ ಮಹಾನಂದಳಿಗೆ ನೆನಪಾಯಿತು: ಚಿಕ್ಕಂದಿನಲ್ಲಿ ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದ್ದವರು ಅಪ್ಪನೇ.

ಸಿದ್ದಬಸಪ್ಪ ಸ್ಟೂಲೆಳೆದು ಕೂತು ಒಪ್ಪಿಕೊಂಡರು. ಆ ಸಂಜೆ ಗಿರಾಕಿ ದೋಣಿ ನೋಡಲು ಬರುವವನಿದ್ದ. ಎರಡು ಚೀಟಿ ಕುಂಕುಮದಲ್ಲಿ ಮುಚ್ಚಿಹೋಗಿದ್ದವು. ಕಿತ್ತು, ನೆನಪಿನಿಂದ ಹೊಸದು ಬರೆದು ಅಂಟಿಸಿದ್ದರು. ಕಂಬದ ದೀಪ ಉರಿದಾಗಲೇ ತಪ್ಪು ತಮ್ಮದೆಂದು ಅವರಿಗೆ ತಿಳಿದಿತ್ತು.

“ಜನದ ಮುಂದೆ ಬಾಯಿ ಬರ್ಲಿಲ್ಲಪ್ಪ.”

“ಚೀಟಿ ತಪ್ಪಿದ್ದು ಕೈತಪ್ಪು. ಅವನನ್ನ ಕಳಿಸಿದ್ಯಲ್ಲ, ಅದು ಕೈತಪ್ಪಲ್ಲ,” ಎಂದರು ವೀರಭದ್ರಯ್ಯ. ಗೆದ್ದ ಸಂತೋಷ ಅವರ ದನಿಯಲ್ಲಿ ಇರಲಿಲ್ಲ.

ತಂದೆ ಮಗಳು ಮಾವಳ್ಳಿಯ ಮುರುಗೇಶನ ಮನೆಗೆ ಹೋದರು. ಸಿದ್ದಬಸಪ್ಪ ಬಾಗಿಲಲ್ಲೇ ನಿಂತು ಎಲ್ಲ ಹೇಳಿದರು, ನಾಳೆಯಿಂದ ಬಾ ಎಂದು ಕೈಮುಗಿದರು. ಮುರುಗೇಶ ಕೇಳಿಸಿಕೊಂಡ.

“ಅವತ್ತೇ ನನ್ ಹತ್ರ ಬಂದು, ‘ಮುರುಗೇಶ, ಇದೊಂದು ತಪ್ಪು ನಿನ್ನ ತಲೆ ಮೇಲೆ ಹಾಕ್ಕೊ’ ಅಂದಿದ್ರೆ ಹಾಕ್ಕೋತಿದ್ದೆ ಯಜಮಾನ್ರೆ,” ಎಂದ. “ನೀವು ಕೇಳ್ಲಿಲ್ಲ.”

ಕಾಫಿ ಕೊಟ್ಟು ಕಳಿಸಿದ. ಕೆಲಸಕ್ಕೆ ಬರಲಿಲ್ಲ.