ಅವನ ಸ್ಕ್ರಿಪ್ಟಿನ ಮೊದಲ ಪದ

"ಇಲ್ಲೂ ಕ್ಯಾಟ್! ಏನ್ರೀ, ಎಷ್ಟು ಸಲ ಹೇಳೋದು ನಿಮಗೆ?"

ನೀರಿನ ಪರೀಕ್ಷಾ ಕೇಂದ್ರದ ಕಂಪ್ಯೂಟರ್ ಕೋಣೆಯಲ್ಲಿ ಎಲ್ಲರೂ ಕಂಪ್ಯೂಟರಿಗೆ ಬರೆಯುವ ಕಮಾಂಡುಗಳ ಪಟ್ಟಿಯನ್ನು, ಅಂದರೆ ಸ್ಕ್ರಿಪ್ಟುಗಳನ್ನು, ತಿದ್ದುವವಳು ಅವಳು. ಅವಳೆಂದರೆ ಎಲ್ಲರೂ ಗಪ್‌ಚುಪ್. ಎದುರು ಮೇಜಿನವನೊಬ್ಬ ಮಾತ್ರ ಜಪ್ಪಯ್ಯ ಅಂದರೂ ಬಗ್ಗುತ್ತಿರಲಿಲ್ಲ. ಫೈಲು ತೆರೆದು ಮುಂದಿನ ಕಮಾಂಡಿಗೆ ದಾಟಿಸಲು ಪ್ರತಿಸಲವೂ ಮೊದಲು 'ಕ್ಯಾಟ್' ಎಂಬ ಕಮಾಂಡನ್ನೇ ಬರೆಯುತ್ತಿದ್ದ.

"ಫೈಲನ್ನ ಕಮಾಂಡೇ ನೇರ ಓದ್ಕೊಳ್ಳುತ್ತೆ. ಒಂದು ಬಾಣದ ಗುರುತು ಸಾಕು. ನಡುವೆ ಈ ದಲ್ಲಾಳಿ ಯಾಕೆ?"

"ಓದೋಕೆ ಚೆನ್ನಾಗಿರುತ್ತೆ ಮೇಡಂ. ಮೊದಲು ಫೈಲು, ಆಮೇಲೆ ಕೆಲಸ."

"ಮಷೀನಿಗೆ ಸುಮ್ಮನೆ ಹೊರೆ."

"ಕೂದಲೆಳೆಯಷ್ಟು!" ಎಂದು ಅವನು ನಕ್ಕ. ಅವನ ಎಡಗಣ್ಣು ತುಟಿಗಿಂತ ಮೊದಲೇ ನಗುತ್ತಿತ್ತು. ಅದನ್ನು ನೋಡಲೆಂದೇ ತಾನು ದಿನಾ ಕಾಲು ಕೆರೆದು ಜಗಳಕ್ಕೆ ಹೋಗುವುದು ಎಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಒಪ್ಪಿಕೊಳ್ಳಲು ಬಿಗುಮಾನ, ಅಷ್ಟೆ.

ಶುಕ್ರವಾರ ಬೆಳಗ್ಗೆ ಮೇಲಧಿಕಾರಿ ಕರೆದರು. "ಅವನು ಬೇರೆ ವಿಭಾಗಕ್ಕೆ ಅರ್ಜಿ ಹಾಕಿದ್ದಾನಮ್ಮ. ನೀನು ಬೇಡ ಅಂದ್ರೆ ತಡೀತೀನಿ. ಸಂಜೆಯೊಳಗೆ ಹೇಳು."

ಹೋಗುತ್ತಾನಂತೆ, ಒಂದು ಮಾತೂ ಹೇಳದೆ! ಸಿಟ್ಟೋ ಸಂಕಟವೋ, ಬಂದವಳೇ ಅವನ ಸ್ಕ್ರಿಪ್ಟಿನ ಕ್ಯಾಟುಗಳನ್ನೆಲ್ಲ ಕಿತ್ತು ಬಾಣ ಹಾಕಿದಳು. ಓಡಿಸಿದಳು. ಕೊನೆಯ ಬಾಣ ತಿರುಗುಮುರುಗಾಗಿತ್ತು. ಫೈಲನ್ನು ಓದಬೇಕಾದ ಕಮಾಂಡು ಅದನ್ನೇ ಅಳಿಸಿ ಕೂತಿತು. ಮೂರು ತಿಂಗಳ ಅಳತೆಗಳು ಖಾಲಿ.

"ಅಯ್ಯೋ ದೇವರೇ!"

ಅವನು ಎದ್ದು ಬಂದ. ಪರದೆ ನೋಡಿದ. ಪಕ್ಕದಲ್ಲಿ ಬಗ್ಗಿ ನಾಲ್ಕು ಕೀ ಒತ್ತಿದ. "ಬೆಳಗ್ಗೆ ಕಾಪಿ ತೆಗೆದಿಟ್ಟಿದ್ದೆ. ಒಂದು ಸಾಲೂ ಹೋಗಿಲ್ಲ."

"ಬಯ್ಯಲ್ವಾ?"

"ಮೊದಲನೇ ಕೆಲಸದಲ್ಲಿ ನಾನೂ ಹೀಗೇ ಬಾಣ ತಿರುಗಿಸಿದ್ದೆ. ಕ್ಯಾಟ್ ಹಾಕಿದ್ರೆ ಬಾಣದ ಗೊಡವೆಯೇ ಇಲ್ಲ. ಅವತ್ತಿಂದ ಅದನ್ನ ಬಿಟ್ಟಿಲ್ಲ."

"ಮೊದಲೇ ಬಾಯಿ ಬಿಡೋಕೆ ಏನಾಗಿತ್ತು?"

"ಹೇಳಿದ್ರೆ ನೀವು ಜಗಳ ನಿಲ್ಲಿಸ್ತಿದ್ರಿ."

ಅವಳ ಕೆನ್ನೆ ಬಿಸಿಯಾಯಿತು. ಆದರೂ ಬಿಡಲಿಲ್ಲ. "ಜಗಳ ಅಷ್ಟು ಇಷ್ಟ ಇದ್ರೆ ಅರ್ಜಿ ಯಾಕೆ ಹಾಕಿದ್ರಿ?"

ಅವನು ನೇರವಾಗಿ ನೋಡಿದ. ಈ ಸಲ ಎಡಗಣ್ಣೂ ನಗಲಿಲ್ಲ.

"ನನ್ನ ಕೆಲಸ ತಿದ್ದೋ ಮೇಡಂನ ನನ್ನ ಮದುವೆ ಆಗ್ತೀರಾ ಅಂತ ಹೇಗ್ರೀ ಕೇಳೋದು? ಬೇರೆ ವಿಭಾಗಕ್ಕೆ ಹೋದ್ರೆ ಕೇಳಬಹುದಲ್ಲ."

ಅವಳು ಕಿತ್ತಿದ್ದ ಕ್ಯಾಟುಗಳನ್ನೆಲ್ಲ ಒಂದೊಂದಾಗಿ ಮತ್ತೆ ಬರೆದಳು. ಆಮೇಲೆ ಫೋನೆತ್ತಿದಳು.

"ಸಾರ್, ಆ ಅರ್ಜಿ... ಸಂಜೆವರೆಗೂ ಯಾಕೆ ಸಾರ್? ಈಗಲೇ ಸಹಿ ಹಾಕಿಬಿಡಿ."